ಹೂಜಿ ಗಿಡದ ಮುಂದೆ ಕೂರಲಾರದೆ

ಲೊಕ್ಕನಹಳ್ಳಿ ದಾಟಿ ಒಡೆಯರಪಾಳ್ಯದ ಕಡೆಗೆ ಏರುವ ರಸ್ತೆಯಲ್ಲಿ ಒಂದು ಕಾಡುಹಂದಿ ಬಸ್ಸಿಗೆ ಅಡ್ಡ ಬಂತು. ಡ್ರೈವರು ಬ್ರೇಕ್ ಹಾಕಿದರು. ಹಂದಿ ಬದುಕಿತು. ಪ್ರಯಾಣಿಕರು ಮುಂದಿನ ಸೀಟಿಗೆ ಹಣೆ ಬಡಿದುಕೊಂಡದ್ದು ಬಿಟ್ಟರೆ ಕ್ಷೇಮವಾಗಿದ್ದರು. ಹಿಂಬಾಗಿಲ ಬಳಿ ಒಂದು ಕಾಲು ಮೆಟ್ಟಿಲ ಮೇಲಿಟ್ಟುಕೊಂಡು ಟಿಕೆಟ್ ಕೊಡುತ್ತಿದ್ದ ಕಂಡಕ್ಟರು, ಅಂದರೆ ನಾನು, ಆ ಮೆಟ್ಟಿಲಿನ ಸಂದಿಯಲ್ಲಿ ಪಾದ ಸಿಕ್ಕಿಸಿಕೊಂಡು ತಿರುಚಿ ಬಿದ್ದೆ. ಕಣಕಾಲಿನ ಮೂಳೆ ಮುರಿದ ಸದ್ದು ನನಗೇ ಕೇಳಿಸಿತು.

ಆ ದಿನ ಬಸ್ಸಿನಲ್ಲಿ ಒಡೆಯರಪಾಳ್ಯದ ಟಿಬೆಟಿಯನ್ ಶಿಬಿರದ ಒಬ್ಬ ಹೆಂಗಸಿದ್ದರು. ಶಿಬಿರದ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ವಾರವಾರವೂ ಸಾಮಾನಿಗೆಂದು ಕೊಳ್ಳೇಗಾಲಕ್ಕೆ ಬಂದು ನನ್ನ ಬಸ್ಸಿನಲ್ಲೇ ವಾಪಸಾಗುತ್ತಿದ್ದರು. ನಾನು ಅವರನ್ನು ನರ್ಸಮ್ಮ ಅನ್ನುತ್ತಿದ್ದೆ. ಅವರು ತಮ್ಮ ಉಣ್ಣೆಯ ಶಾಲನ್ನೇ ಎರಡು ಪಟ್ಟೆಯಾಗಿ ಹರಿದು, ಯಾರದೋ ಕೊಡೆಯ ಕೋಲನ್ನು ಒತ್ತಾಗಿಟ್ಟು ನನ್ನ ಕಾಲು ಕಟ್ಟಿದರು. ನೋವಿನಲ್ಲೂ ನಾನು "ಯಾರಾದ್ರೂ ಟಿಕೆಟ್ ತಗಳದೆ ಇದ್ದೀರಾ?" ಎಂದು ಕೇಳಿದೆನಂತೆ. ಅವರು ಅದನ್ನು ಆಮೇಲೆ ಬಹಳ ಸಲ ಹೇಳಿ ನಕ್ಕರು.

ಕೊಳ್ಳೇಗಾಲದಲ್ಲಿ ನಮ್ಮದು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ. ನನ್ನ ಗಂಡ ಮೋಟಾರು ರೀವೈಂಡಿಂಗ್ ಮಾಡುತ್ತಾರೆ. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಕೆಲಸ. ಅತ್ತೆ ಜೀವಮಾನವೆಲ್ಲ ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲಿ ದುಡಿದವರು. ಬಿಸಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಅವರ ಬೆರಳ ತುದಿಗಳು ನುಣ್ಣಗಾಗಿಬಿಟ್ಟಿವೆ. ಕಾಲಿಗೆ ಕಂಬಿ ಹಾಕಿಸಿಕೊಂಡು, ಪಟ್ಟಿ ಕಟ್ಟಿಸಿಕೊಂಡು ಮಂಚದ ಮೇಲೆ ಬಿದ್ದ ನನಗೆ ಆ ಮನೆ ಜೈಲಾಯಿತು. ಮಲಗಿದ್ದಲ್ಲಿಂದಲೇ ಹಾರ್ನಿನ ಮೇಲೆ ಬಸ್ಸು ಗುರುತಿಸುತ್ತಿದ್ದೆ. ಹನೂರಿನದು ಹೊರಟಿತು, ಯಳಂದೂರಿನದು ಇವತ್ತು ತಡ, ಮಹದೇಶ್ವರ ಬೆಟ್ಟದ್ದು ತುಂಬಿಕೊಂಡು ಬಂತು. ಬೆರಳು ತಮ್ಮಷ್ಟಕ್ಕೆ ತೊಡೆಯ ಮೇಲೆ ಟಿಕೆಟ್ ಯಂತ್ರದ ಗುಂಡಿ ಒತ್ತುತ್ತಿದ್ದವು.

"ಒಂದ್ಕಡೆ ಸುಮ್ಕೆ ಇರವ್ವ," ಎನ್ನುತ್ತಿದ್ದರು ಅತ್ತೆ. "ಆ ಬಸ್ಸು ನಿನ್ ಬುಟ್ಬುಟ್ಟು ಓಯ್ತಾ ಇಲ್ವಾ? ಓಗ್ಲಿ ಬುಡು."

ಅದೇ ನನ್ನ ಸಂಕಟವಾಗಿತ್ತು. ನಾನಿಲ್ಲದೆಯೂ ಬಸ್ಸು ಹೋಗುತ್ತಿತ್ತು.

ನರ್ಸಮ್ಮ ಒಂದು ದಿನ ನೋಡಲು ಬಂದರು. ಹಣ್ಣಿನ ಬದಲು ಒಂದು ಖಾಲಿ ಮಾತ್ರೆ ಡಬ್ಬಿ ತಂದಿದ್ದರು. ಅದರೊಳಗಿನ ಕಾಗದದ ಮಡಿಕೆ ಬಿಚ್ಚಿದರೆ ಏನೋ ಕಂದು ಬಣ್ಣದ ಚೂರುಗಳು. ಕ್ಷೌರದಂಗಡಿಯ ನೆಲದಿಂದ ಗುಡಿಸಿ ತಂದಂತಿತ್ತು.

"ಏನ್ ನರ್ಸಮ್ಮ ಇದು, ಕೂದ್ಲು?"

"ಬೀಜ," ಎಂದರು. "ನನ್ನ ಹೂಜಿ ಗಿಡದ್ದು. ಈಗಷ್ಟೇ ಕಾಯಿ ಒಡೆದಿದೆ. ಹಳೇದಾದರೆ ಹುಟ್ಟಲ್ಲ, ಅದಕ್ಕೇ ಓಡಿ ಬಂದೆ."

ಅವರ ಮನೆಯಲ್ಲಿ ಆ ಗಿಡಗಳನ್ನು ನಾನು ನೋಡಿರಲಿಲ್ಲ. ಮೇಘಾಲಯದಲ್ಲಿ ಓದುತ್ತಿದ್ದ ಅವರ ತಮ್ಮನ ಮಗಳು ಅಲ್ಲಿನ ನರ್ಸರಿಯಿಂದ ತಂದುಕೊಟ್ಟದ್ದಂತೆ, ಒಂದು ಗಂಡು ಒಂದು ಹೆಣ್ಣು. ಎಲೆಯ ತುದಿಯಲ್ಲಿ ಬಳ್ಳಿಯಂಥ ಎಳೆ ಇಳಿದು, ಆ ಎಳೆಯ ತುದಿ ಊದಿ, ಮುಚ್ಚಳವಿರುವ ಪುಟ್ಟ ಹೂಜಿಯಾಗುತ್ತದೆ. ಹೂಜಿಯೊಳಗೆ ಅದರದೇ ನೀರು. ಅಂಚಿನ ಜೇನು ನೆಕ್ಕಲು ಬಂದ ಇರುವೆ, ನೊಣ ಜಾರಿ ಬಿದ್ದರೆ ಗಿಡಕ್ಕೆ ಊಟ. ಹೀಗೆಲ್ಲ ಕೈಯಲ್ಲಿ ಆಕಾರ ತೋರಿಸುತ್ತಾ ಹೇಳಿದರು. ಜೊತೆಗೆ ತಂದಿದ್ದ ಒಣಪಾಚಿಯನ್ನು ನೆನೆಸಿ ಹಿಂಡಿ, ತೊಳೆದ ತೆಂಗಿನ ನಾರಿನ ಪುಡಿಯ ಮೇಲೆ ಹರಡಿ, ಮಿಠಾಯಿ ಅಂಗಡಿಯ ಪಾರದರ್ಶಕ ಡಬ್ಬಿಯಲ್ಲಿ ತುಂಬಿದರು. ಬೀಜವನ್ನು ಹೂಳಲಿಲ್ಲ, ಮೇಲೆ ಉಪ್ಪು ಉದುರಿಸಿದಂತೆ ಉದುರಿಸಿದರು ಅಷ್ಟೆ. ಮುಚ್ಚಳ ಹಾಕಿ, ಬಿಸಿಲು ನೇರ ಬೀಳದ ಆದರೆ ಬೆಳಕು ತುಂಬಿದ ಕಿಟಕಿಯ ಬಳಿ ಇಟ್ಟರು.

"ಬೋರ್ ನೀರು ಮುಟ್ಟಿಸಬೇಡ. ಮಳೆ ನೀರು ಮಾತ್ರ. ಮುಚ್ಚಳ ತೆಗೀಬೇಡ."

"ಮತ್ತೆ ನಾನೇನ್ ಮಾಡ್ಬೇಕು?"

"ಏನೂ ಮಾಡಬಾರದು. ಅದೇ ಕೆಲಸ."

ನನಗೆ ಅದಕ್ಕಿಂತ ಕಷ್ಟದ ಕೆಲಸವನ್ನು ಯಾರೂ ಕೊಟ್ಟಿರಲಿಲ್ಲ.

ಮೊದಲ ವಾರವೇ ಮುಚ್ಚಳ ತೆಗೆದೆ. ಏನೂ ಇರಲಿಲ್ಲ. ಮಾರನೆಯ ದಿನವೂ ತೆಗೆದೆ. ಊರುಗೋಲು ಹಿಡಿದು ಕುಂಟುತ್ತಾ ಕಿಟಕಿಗೆ ಹೋಗುವುದು, ಮುಚ್ಚಳ ಎತ್ತುವುದು, ಮೂಗು ತೂರಿಸುವುದು, ಮತ್ತೆ ಮುಚ್ಚುವುದು. ಡಬ್ಬಿಯೊಳಗಿನ ಹಬೆ ಹಾರಿ ಪಾಚಿ ಒಣಗತೊಡಗಿತು. ಮಳೆಗಾಲ ಇನ್ನೂ ದೂರವಿತ್ತು, ಮಳೆ ನೀರು ಎಲ್ಲಿಂದ ತರಲಿ? ಗಂಡನಿಗೆ ಹೇಳಿದೆ. ಅವರ ಅಂಗಡಿಯ ಪಕ್ಕದಲ್ಲಿ ಒಂದು ಸ್ಕ್ಯಾನಿಂಗ್ ಸೆಂಟರಿದೆ. ಅದರ ಏಸಿಯ ಕೊಳವೆಯಿಂದ ದಿನವಿಡೀ ನೀರು ತೊಟ್ಟಿಕ್ಕುತ್ತದೆ. ಅದರಲ್ಲಿ ಉಪ್ಪೂ ಇಲ್ಲ, ಸುಣ್ಣವೂ ಇಲ್ಲ. ಅವರು ಅದರಡಿ ಒಂದು ಕ್ಯಾನ್ ಇಟ್ಟು, ಸಂಜೆ ಹೊತ್ತು ತಂದು ಕಿಟಕಿಯ ಬಳಿ ಕುಕ್ಕಿದರು.

"ತಕ, ನಿನ್ ತೀರ್ಥ," ಎಂದರು. ಬಾಯಲ್ಲಿ ಗೇಲಿ, ಆದರೆ ಅಂದಿನಿಂದ ಇವತ್ತಿನವರೆಗೆ ಆ ಕ್ಯಾನ್ ಒಂದು ದಿನವೂ ಬರಿದಾಗಿ ಬಂದಿಲ್ಲ.

ಬೀಜದ ಮೇಲೆ ಬಿಳಿ ಬೂಷ್ಟು ಬಂತು. ಒಂದು ಮೂಲೆಯದನ್ನು ಚಮಚದಿಂದ ಕೆರೆದು ತೆಗೆದೆ. ನನ್ನ ಕಾಲಿನ ಪಟ್ಟಿ ಬಿಚ್ಚುವ ಹೊತ್ತಿಗೂ ಏನೂ ಹುಟ್ಟಿರಲಿಲ್ಲ. ಡಬ್ಬಿಯನ್ನು ಎಸೆದುಬಿಡುವ ಅಂದುಕೊಂಡ ಬೆಳಿಗ್ಗೆ, ಸುಮ್ಮನೆ ಅಡ್ಡಲಾಗಿ ನೋಡಿದಾಗ, ಪಾಚಿಯ ಮೇಲೆ ಸಾಸಿವೆಗಿಂತ ಚಿಕ್ಕದಾದ ಹಸಿರು ಕಂಡಿತು. ಎರಡು ಎಲೆ. ಒಂದರ ತಲೆಯ ಮೇಲೆ ಬೀಜದ ಸಿಪ್ಪೆ ಟೋಪಿಯಂತೆ ಇನ್ನೂ ಕೂತಿತ್ತು. ನಾನು ಅತ್ತೆಯನ್ನು ಕೂಗಿದ ರೀತಿಗೆ ಕೆಳಮನೆಯವರೂ ಓಡಿ ಬಂದರು.

"ಇದ್ಕಾ ಅಂಗ್ ಅರಚ್ದೆ?" ಎಂದರು ಅತ್ತೆ. ಆದರೆ ಕನ್ನಡಕ ಹಾಕಿಕೊಂಡು ಅವರೂ ಬಹಳ ಹೊತ್ತು ಬಗ್ಗಿ ನೋಡಿದರು.

ವಾರಗಳ ಮೇಲೆ ಡಬ್ಬಿಯ ತುಂಬ ಹಸಿರು ಚುಕ್ಕಿಗಳಾದವು. ಮೂರನೆಯ ಎಲೆಯೇ ಹೂಜಿಯಾಗಿ ಬಂದದ್ದು ನೋಡಿ ದಂಗಾದೆ. ಗುಂಡುಸೂಜಿಯ ತಲೆಯಷ್ಟು ಹೂಜಿ, ಅದಕ್ಕೂ ಮುಚ್ಚಳ. ಆದರೆ ಅಲ್ಲಿಗೇ ನಿಂತಿತು. ತಿಂಗಳು ಕಳೆದರೂ ಬೆಳೆದದ್ದು ಗೊತ್ತೇ ಆಗುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಒಂದೊಂದಕ್ಕೂ ಜಾಗ ಸಾಲದೆ ಹೀಗಾಗಿರಬಹುದೆಂದು ತೀರ್ಮಾನಿಸಿ, ನರ್ಸಮ್ಮನನ್ನು ಕೇಳದೆ, ಹಲ್ಲುಕಡ್ಡಿಯಿಂದ ಎಬ್ಬಿಸಿ ಎಬ್ಬಿಸಿ ಟೀ ಲೋಟಗಳಿಗೆ ನೆಟ್ಟೆ. ಬೇರೆಂದರೆ ಕಪ್ಪು ದಾರದ ಒಂದು ಎಳೆ, ಮುಟ್ಟಿದರೆ ತುಂಡಾಗುತ್ತಿತ್ತು. ಕೊಳ್ಳೇಗಾಲದ ಏಪ್ರಿಲ್ ಸೆಕೆ ಬೇರೆ. ಎಲ್ಲವೂ ಒಂದೊಂದಾಗಿ ಕಂದು ತಿರುಗಿ ಕೊಳೆತವು. ಉಳಿದದ್ದು ಒಂದೇ, ಎಬ್ಬಿಸಲು ಕೈಗೆ ಸಿಗದೆ ಡಬ್ಬಿಯ ಮೂಲೆಯಲ್ಲೇ ಬಿಟ್ಟಿದ್ದು.

ಆ ಹೊತ್ತಿಗೆ ನನ್ನನ್ನು ಮತ್ತೆ ಕೆಲಸಕ್ಕೆ ಕರೆದರು. ಬಸ್ಸಿಗಲ್ಲ. ಕಾಲು ಗಟ್ಟಿಯಾಗುವ ತನಕ ಕೂತು ಮಾಡುವ ಕೆಲಸವೆಂದು ಯಳಂದೂರು ಬಸ್ ನಿಲ್ದಾಣದ ಕೋಣೆಯಲ್ಲಿ ಮೈಕಿನ ಮುಂದೆ ಕೂರಿಸಿದರು. "ಚಾಮರಾಜನಗರಕ್ಕೆ ಹೋಗುವ ಬಸ್ಸು ಈಗ ಹೊರಡುತ್ತದೆ, ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವವರು ಈ ಕಡೆ ಬನ್ನಿ." ದಿನವಿಡೀ ಇದೇ ಮಾತು. ಕೂಗುವುದು ನಾನು, ಹೋಗುವುದು ಬೇರೆಯವರು. ತಾಲ್ಲೂಕು ಕಚೇರಿಗೆ ಬಂದ ಮುದುಕಿಯರು ತಪ್ಪು ಬಸ್ಸು ಹತ್ತುವುದನ್ನು ಕಂಡರೆ ನಾನು ಕುರ್ಚಿ ಬಿಟ್ಟು ಓಡುತ್ತಿದ್ದೆ, ಬ್ಯಾಗು ಹಿಡಿದು ಹತ್ತಿಸುತ್ತಿದ್ದೆ, ಹತ್ತಿಸಿದ ಮೇಲೆ ಕೈ ಚಾಚಿ ಗಂಟೆಯನ್ನೂ ಹೊಡೆದುಬಿಡುತ್ತಿದ್ದೆ. ನಿಲ್ದಾಣದ ಕಂಟ್ರೋಲರಿಗೆ ಇದು ಹಿಡಿಸುತ್ತಿರಲಿಲ್ಲ.

"ಮೇಡಂ, ಮೈಕ್ ಯಾಕ್ ಮಡ್ಗಿರದು? ಕುಂತಲ್ಲೇ ಕೂಗಿ ಅಂತ ತಾನೆ?"

ಹೀಗೆ ಒಂದಾದ ಮೇಲೊಂದು ವರ್ಷ ಹೋಯಿತು. ತಾತ್ಕಾಲಿಕ ಎಂದದ್ದು ಯಾರಿಗೂ ನೆನಪಿರಲಿಲ್ಲ, ನನ್ನನ್ನು ಬಿಟ್ಟು.

ಡಬ್ಬಿಯ ಮೂಲೆಯಲ್ಲಿ ಉಳಿದಿದ್ದ ಆ ಒಂದು ಗಿಡವನ್ನು ಈ ಸಲ ಮುಟ್ಟಲಿಲ್ಲ. ತನ್ನಿಷ್ಟಕ್ಕೆ ಅಂಗೈಯಗಲವಾಗುವವರೆಗೆ ಬಿಟ್ಟು, ಮಳೆಗಾಲದ ತಂಪಿನಲ್ಲಿ ಪಾಚಿಯ ಹೆಂಟೆಯ ಸಮೇತ ಕುಂಡಕ್ಕೆ ಇಳಿಸಿದೆ. ಹೂಜಿಗಳು ಬೆರಳುದ್ದವಾದವು. ಅತ್ತೆಗೆ ಆಗ ಅದರ ಮೇಲೆ ನಿಜವಾದ ಮೋಹ ಹುಟ್ಟಿತು. ಬೆಳಿಗ್ಗೆ ಎದ್ದು ಒಂದೊಂದೇ ಹೂಜಿಗೆ ಇಣುಕಿ, "ಇವತ್ತು ಎರಡು ಸೊಳ್ಳೆ, ಒಂದ್ ಗೊದ್ದ" ಎಂದು ಬಿದ್ದ ಕಪ್ಪಿರುವೆಯನ್ನೂ ಬಿಡದೆ ವರದಿ ಕೊಡುತ್ತಿದ್ದರು. ಅಷ್ಟಕ್ಕೆ ಅವರಿಗೆ ಸಮಾಧಾನವಿರಲಿಲ್ಲ. ಒಂದು ದಿನ ನಾನು ಯಳಂದೂರಿನಿಂದ ಬಂದರೆ ಮನೆಯೆಲ್ಲ ಗಬ್ಬು ನಾತ. ದೊಡ್ಡ ಹೂಜಿ ಕಪ್ಪಾಗಿ ಜೋತು ಬಿದ್ದಿತ್ತು. ಒಳಗೆ ಬಿಚ್ಚಾಣಿಕೆ ಮನೆಯಿಂದ ತಂದ ರೇಷ್ಮೆಹುಳುವಿನ ಕೋಶ, ಗೂಡಿನಿಂದ ನೂಲು ತೆಗೆದ ಮೇಲೆ ಉಳಿಯುವ ದಪ್ಪ ಹುಳ, ಒಂದಲ್ಲ ಹಲವು, ಒತ್ತಿ ತುಂಬಿತ್ತು.

"ಏನತ್ತೆ ಇದು?"

"ಒಸಿ ಪುಷ್ಟಿ ಆಗ್ಲಿ ಅಂತ ಕಣವ್ವ. ಕೋಳಿಗೆ ಆಕುದ್ರೆ ಎಂಗ್ ದಪ್ಪಾಯ್ತವೆ! ಇದ್ಕೆ ಅರಗ್ನಿಲ್ಲ ಅಂದ್ರೆ ನಾನೇನ್ ಮಾಡ್ಲಿ?"

ಕೊಳೆತ ಹೂಜಿಯನ್ನು ಕತ್ತರಿಸಿದೆ. ಎಲೆ ಉಳಿಯಿತು. ಅತ್ತೆ ಎರಡು ದಿನ ಗಿಡದ ಕಡೆ ಹೋಗಲಿಲ್ಲ, ಬಾಣಂತಿಗೆ ಕೊಡಬಾರದ್ದು ಕೊಟ್ಟವರಂತೆ ಮುಖ ಸಣ್ಣಗೆ ಮಾಡಿಕೊಂಡಿದ್ದರು.

ಮುಂದೆ ಗಿಡ ಬಳ್ಳಿಯಾಯಿತು. ನೆಲದ ಹತ್ತಿರ ಗುಂಡಗೆ ಹರಡಿದ್ದ ಎಲೆಗಳ ನಡುವಿನಿಂದ ಕಾಂಡ ಮೇಲಕ್ಕೆದ್ದು ಕಿಟಕಿಯ ಕಂಬಿ ಹಿಡಿದು ಏರಿತು. ನನಗೆ ಹೆಮ್ಮೆ. ಏರುವುದೆಲ್ಲ ಒಳ್ಳೆಯದೆಂದೇ ನನ್ನ ಎಣಿಕೆ. ಆದರೆ ಏರಿದಂತೆ ಎಲೆಗಳ ನಡುವಿನ ಅಂತರ ಹೆಚ್ಚಿತು, ಹೂಜಿಗಳು ಸಣಕಲಾದವು, ಬೇಸಿಗೆಯಲ್ಲಿ ಹೂಜಿಯಾಗಬೇಕಾದ ಎಳೆಗಳ ತುದಿ ಒಣಗಿ ಉದುರತೊಡಗಿದವು. ಕೆಳಗಿನ ಎಲೆಗಳು ಹಳದಿಯಾದವು. ಅದೇ ಹೊತ್ತಿನಲ್ಲಿ ಬುಡದಲ್ಲಿ, ಪಾಚಿಯ ಮಟ್ಟದಲ್ಲಿ, ಕೆಂಪು ಮೂತಿಯ ಚಿಗುರುಗಳು ಎದ್ದವು. ಒಂದು, ಇನ್ನೊಂದು, ಮತ್ತೊಂದು. ಯಾವುದನ್ನು ಬಿಡಬೇಕು, ಯಾವುದನ್ನು ತೆಗೆಯಬೇಕು? ನರ್ಸಮ್ಮನಿಗೆ ಫೋನ್ ಮಾಡಿದರೆ, "ಬಂದು ನೋಡು," ಎಂದರು.

ರಜೆಯ ದಿನ ನನ್ನ ಹಳೆಯ ಬಸ್ಸಿನಲ್ಲೇ ಹೋದೆ. ಹನೂರಿನಲ್ಲಿ ಹತ್ತಿದ, ಶಾಗ್ಯದ ಕಡೆಯ ನನ್ನ ತವರಿನ ಪರಿಚಯದ ಹೆಂಗಸರು "ಏನವ್ವ, ನೀನೂ ಕುಂತ್ಕಂಡು ಓಯ್ತೀಯಾ!" ಎಂದು ನಕ್ಕರು. ಕಂಡಕ್ಟರಾಗಿದ್ದವನು ಹೊಸಬ, ನನ್ನ ಕೈಗೆ ಟಿಕೆಟ್ ಕೊಟ್ಟ. ಹಂದಿ ಅಡ್ಡ ಬಂದ ತಿರುವಿನಲ್ಲಿ ಎದ್ದು ನಿಂತು ಕಂಬ ಹಿಡಿದುಕೊಂಡೆ, ಖಾಲಿ ಸೀಟಿದ್ದರೂ.

ಒಡೆಯರಪಾಳ್ಯದಲ್ಲಿ ಕೆಳಗಿನಂತೆ ಸೆಕೆಯಿಲ್ಲ. ನರ್ಸಮ್ಮನ ಮನೆಯ ಹಿಂದೆ ಹಸಿರು ಬಲೆಯಡಿ ಗಿಡಗಳಿದ್ದವು. ಏರಿ ಹೋದದ್ದು ಒಂದೂ ಇರಲಿಲ್ಲ. ಬುಡದಿಂದಲೇ ಪೊದೆಯಾಗಿ, ಕುಂಡದ ಅಂಚಿನಿಂದ ದಪ್ಪ ದಪ್ಪ ಹೂಜಿಗಳು ಇಳಿಬಿದ್ದಿದ್ದವು.

"ನಿಂದು ಮೇಲೆ ಓಡುತ್ತಿದೆ. ಕೊಯ್ದುಬಿಡು," ಎಂದರು.

"ಯಾವ್ದು, ಬುಡದ ಚಿಗುರಾ?"

"ಅಲ್ಲ. ಮೇಲಿನ ಬಳ್ಳಿ. ಬುಡದಲ್ಲಿ ಗಟ್ಟಿ ಇರೋ ಎರಡು ಬಿಡು. ಉಳಿದ ಚಿಗುರು ನಾಲ್ಕು ಬೆರಳು ಆದಮೇಲೆ, ಬೇರು ಬಂದಿದ್ದರೆ, ಬ್ಲೇಡಲ್ಲಿ ಬುಡಸಮೇತ ಬಿಡಿಸು. ಕಿತ್ತು ಎಳೀಬೇಡ. ಕೊಯ್ದ ಬಳ್ಳೀನ ಎರಡು ಮೂರು ಎಲೆ ಇರೋ ಹಾಗೆ ತುಂಡು ಮಾಡು, ಎಲೆ ಅರ್ಧ ಕತ್ತರಿಸು, ಪಾಚೀಲಿ ನಿಲ್ಲಿಸು. ಬಂದರೆ ಬಂತು."

"ಅಷ್ಟ್ ಎತ್ರ ಬಂದಿರದ್ನ ಎಂಗ್ ಕತ್ತರ್ಸದು ನರ್ಸಮ್ಮ?"

ಅವರು ಚಹಾ ಕೊಟ್ಟರು.

ನಾನು ಕೊಯ್ಯಲಿಲ್ಲ. ಬ್ಲೇಡು ಕಿಟಕಿಯ ಮೇಲೆಯೇ ಇತ್ತು. ಬೆಳಿಗ್ಗೆ ನೋಡುವುದು, ಸಂಜೆ ನೋಡುವುದು, ಚಿಗುರುಗಳನ್ನು ಬೆರಳಲ್ಲಿ ಅಳೆಯುವುದು, ಬಿಡುವುದು. ಅದೇ ದಿನಗಳಲ್ಲಿ ವೈದ್ಯರು ನನ್ನ ಕಾಲನ್ನು ತಿರುಗಿಸಿ ನೋಡಿ, ಬಸ್ಸು ಹತ್ತಬಹುದು, ಆದರೆ ಊತ ಬಂದರೆ ನೀವೇ ಜವಾಬ್ದಾರಿ ಎಂದರು. ನಾನು ಮರುದಿನವೇ ಡಿಪೋಗೆ ಹೋಗಿ ರೂಟು ಕೇಳಿದೆ. ಗಂಡನಿಗೆ ಹೇಳಿದ್ದು ಡಿಪೋದಿಂದ ಬಂದ ಮೇಲೆ.

ಅವರು ಊಟದ ತಟ್ಟೆಯ ಮುಂದಿದ್ದರು. "ಕುಂತಿರೋ ಕೆಲ್ಸ ಸಿಗ್ಲಿ ಅಂತ ಜನ ಕಾಯ್ಕಂಡವ್ರೆ ಕಣಮ್ಮಿ. ನಿಂಗ್ಯಾವ್ ದೆವ್ವ ಬಡ್ದಿದ್ದದು? ಕಾಲ್ ಮುರ್ಕಂಡು ಬಿದ್ದಿದ್ದು ಮರ್ತೋಯ್ತಾ?"

"ಮರ್ತಿಲ್ಲ. ನಂಗೆ ಕುಂತ್ರೆ ಉಸ್ರು ಕಟ್ತದೆ."

"ಎಲ್ರೂ ಕುಂತವ್ರೆ. ಯಾರ್ಗೂ ಕಟ್ಟದ್ ಉಸ್ರು ನಿಂಗೇ ಕಟ್ತದಾ?"

"ನಂಗ್ ಕಟ್ತದೆ ಅಂದ್ನಲ್ಲ!"

ಅವರು ಅರ್ಧ ಊಟಕ್ಕೇ ಕೈ ತೊಳೆದು ಅಂಗಡಿಗೆ ಹೋದರು. ಅತ್ತೆ ಯಾರ ಪರವೂ ವಹಿಸದೆ ತಟ್ಟೆ ಎತ್ತಿದರು. ನಾನು ಕೋಣೆಯಿಂದ ಕೋಣೆಗೆ ಹೋದೆ, ಬಂದೆ. ಕೈಗೆ ಏನಾದರೂ ಕೆಲಸ ಬೇಕಿತ್ತು. ಕಿಟಕಿಯ ಬಳಿ ಹೋಗಿ ಬ್ಲೇಡು ತೆಗೆದುಕೊಂಡು, ಕಂಬಿಗೆ ಸುತ್ತಿಕೊಂಡಿದ್ದ ಎಳೆಗಳನ್ನು ಒಂದೊಂದಾಗಿ ಬಿಡಿಸಿ, ಬುಡದಿಂದ ಗೇಣು ಬಿಟ್ಟು ಬಳ್ಳಿಯನ್ನು ಕೊಯ್ದೆ. ನೆಲದ ಮೇಲೆ ನಾಲ್ಕು ವರ್ಷದ ಬೆಳವಣಿಗೆ ಬಿದ್ದಿತ್ತು. ಹೂಜಿಗಳಿಂದ ನೀರು ಚೆಲ್ಲಿ, ಅದರಲ್ಲಿ ಇರುವೆಯ ಕಪ್ಪು ಚೂರುಗಳು.

"ಅಯ್ಯಯ್ಯೋ, ಏನ್ ಮಾಡ್ಬುಟ್ಟೆ!" ಎಂದು ಅತ್ತೆ ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಅವ್ನ್ ಮ್ಯಾಲಿನ್ ಸಿಟ್ನ ಇದ್ರ್ ಮ್ಯಾಲ್ ತೀರಿಸ್ಕಂಡ್ಯಾ?"

ಹೌದೋ ಅಲ್ಲವೋ ಇವತ್ತಿಗೂ ಗೊತ್ತಿಲ್ಲ. ಬಳ್ಳಿಯನ್ನು ತುಂಡು ಮಾಡಿದೆ. ಅತ್ತೆ ಅಳುಮುಖದಲ್ಲೇ ಪಾಚಿ ನೆನೆಸಿಕೊಟ್ಟರು. ಆ ನುಣುಪು ಬೆರಳುಗಳಿಗೆ ಪಾಚಿಯನ್ನು ಕಾಂಡದ ಸುತ್ತ ಸುತ್ತುವುದು ನನಗಿಂತ ಚೆನ್ನಾಗಿ ಬಂತು.

ಆಮೇಲಿನ ವಾರಗಳು ಮತ್ತೆ ಮುಚ್ಚಳದ ವಾರಗಳು. ತುಂಡುಗಳಲ್ಲಿ ಹೆಚ್ಚಿನವು ಕೊಳೆತವು. ಆದರೆ ಬುಡದ ಚಿಗುರುಗಳು ಎಲ್ಲಿಂದಲೋ ಅಪ್ಪಣೆ ಸಿಕ್ಕಂತೆ ಹೊರಟವು. ಹಿಂದೆ ತಿಂಗಳಿಗೊಂದು ಎಲೆ ಬಿಡುತ್ತಿದ್ದ ಮೂತಿಗಳು ಈಗ ಅಗಲವಾದ ಎಲೆ ಬಿಟ್ಟು, ಪಾಚಿಯ ಮೇಲೆಯೇ ಡೊಳ್ಳು ಹೊಟ್ಟೆಯ ಹೂಜಿಗಳನ್ನು ಕೂರಿಸಿದವು. ಗಟ್ಟಿಯಾದ ಎರಡನ್ನು ಬಿಟ್ಟೆ. ಬೇರು ಬಿಟ್ಟಿದ್ದ ಮತ್ತೊಂದನ್ನು ನರ್ಸಮ್ಮ ಹೇಳಿದಂತೆ ಬಿಡಿಸಿ ಬೇರೆ ಕುಂಡಕ್ಕೆ ಹಾಕಿದೆ. ಗಂಡ ನನ್ನೊಡನೆ ಹೆಚ್ಚು ಮಾತಾಡದಿದ್ದರೂ ನೀರಿನ ಕ್ಯಾನ್ ತಂದಿಡುವುದನ್ನು ನಿಲ್ಲಿಸಲಿಲ್ಲ. ಒಂದು ಸಂಜೆ ಆ ಹೊಸ ಕುಂಡವನ್ನು ಕಂಡು, "ಇದ್ಯಾವ್ದು?" ಎಂದರು. ಹೇಳಿದೆ. "ಅಂಗಡೀಲಿ ನೊಣ ಜಾಸ್ತಿ," ಎಂದು ಕುಂಡವನ್ನೆತ್ತಿಕೊಂಡು ಹೋದರು. ಅಷ್ಟಕ್ಕೆ ನಮ್ಮ ಜಗಳ ಮುಗಿಯಿತೆಂದೇನೂ ಅಲ್ಲ. ಕಾಲಿನ ಮಾತು ಬಂದಾಗಲೆಲ್ಲ ಅವರ ಮುಖ ಈಗಲೂ ಗಂಟಿಕ್ಕುತ್ತದೆ.

ರೂಟು ಸಿಕ್ಕಿತು. ಒಡೆಯರಪಾಳ್ಯದ್ದಲ್ಲ, ಕೊಳ್ಳೇಗಾಲದಿಂದ ಯಳಂದೂರು ಹಾದು ಚಾಮರಾಜನಗರಕ್ಕೆ. ಮೊದಲ ದಿನ ಯಂತ್ರ ಕೊರಳಿಗೆ ಹಾಕಿಕೊಂಡು ಬಸ್ಸಿನ ನಡುವೆ ನಿಂತಾಗ, ಇಷ್ಟು ವರ್ಷ ಒಳಗೆ ಕುಣಿಯುತ್ತಿದ್ದದ್ದು ತಣ್ಣಗಾಗುತ್ತದೆಂದು ಕಾದೆ. ಸಂತೇಮರಹಳ್ಳಿ ಬರುವ ಹೊತ್ತಿಗೆ ಕಣಕಾಲು ಭಾರವಾಗತೊಡಗಿತು. ಕಾಲು ನೋಯುತ್ತಿದ್ದರೂ ಸುಖವಾಗಿತ್ತು. ಆದರೆ ತಣ್ಣಗಾಗಲಿಲ್ಲ. ಈಗ ಮನಸ್ಸು ಕಿಟಕಿಯ ಬಳಿಗೆ ಓಡುತ್ತಿತ್ತು. ಬಿಸಿಲು ಬಂದಿರುತ್ತದೆ, ಪರದೆ ಎಳೆದರೋ ಇಲ್ಲವೋ, ಪಾಚಿ ಒಣಗಿತೇನೋ. ಮನೆಯಲ್ಲಿದ್ದಾಗ ಬಸ್ಸು, ಬಸ್ಸಿನಲ್ಲಿದ್ದಾಗ ಗಿಡ. ನನ್ನ ಜಾತಕವೇ ಹೀಗೆ ಅನ್ನಿಸಿ ಒಬ್ಬಳೇ ನಕ್ಕೆ. ಎದುರಿಗಿದ್ದ ಮುದುಕಪ್ಪ ತನ್ನನ್ನು ನೋಡಿ ನಕ್ಕೆನೆಂದುಕೊಂಡು ತಾನೂ ನಕ್ಕ.

ಮೊನ್ನೆ ಬಸ್ಸು ಯಳಂದೂರು ನಿಲ್ದಾಣದಿಂದ ಹೊರಡುತ್ತಿದ್ದಾಗ ಅತ್ತೆಯ ಫೋನು ಬಂತು. ಎಂಜಿನ್ ಸದ್ದಿನಲ್ಲಿ ಅವರ ದನಿ ತುಂಡು ತುಂಡಾಗಿ ಕೇಳುತ್ತಿತ್ತು.

"ಇನ್ನೊಂದ್ ಚಿಗುರು ಬಂದದೆ ಕಣವ್ವ, ಎರಡ್ರ ಮದ್ಯೆ. ಮಡಗ್ಲಾ, ತೆಗೀಲಾ?"

"ನಾನ್ ಬರಗಂಟ ಮುಟ್ಬೇಡಿ ಅತ್ತೆ!"

"ಆಂ?"

"ಮುಟ್ಬೇಡಿ! ಬೇರ್ ಬಂದದಾ ನೋಡ್ಬೇಕು!"

ಅತ್ತೆ ದನಿ ತಗ್ಗಿಸಿ, "ಕಿತ್ಬುಟ್ಟೆ ಕಣವ್ವ," ಎಂದರು. "ಬೇರ್ ಇರ್ನಿಲ್ಲ. ಪಾಚೀಲಿ ಊತಾಕಿವ್ನಿ. ಬದ್ಕುದ್ರೆ ಬದ್ಕ್ತದೆ. ನೀನು ಬರುವಾಗ ಒಳ್ಳೆ ಡಬ್ಬಿ ತಕ ಬಾ, ಮುಚ್ಚಳ ಇರದು."

ಹಿಂದಿನ ಸೀಟಿನಿಂದ ಯಾರೋ ಟಿಕೆಟ್ಟಿಗೆ ಕೂಗಿದರು. ಫೋನನ್ನು ಜೇಬಿಗೆ ಹಾಕಿಕೊಂಡು, ಕಂಬದಿಂದ ಕಂಬಕ್ಕೆ ಕೈ ಬದಲಿಸುತ್ತಾ ಹಿಂದಕ್ಕೆ ನಡೆದೆ.